ಹೆಸರು ತೆಗೆದಿಟ್ಟ ಆಟಗಾರ

ಒಬ್ಬ ಮನುಷ್ಯನ ಹೆಸರನ್ನು ತೆಗೆದು ಪಕ್ಕಕ್ಕಿಟ್ಟರೆ ಅವನಲ್ಲಿ ಉಳಿಯುವುದೇನು? ಊರು, ಕುಲ, ಮನೆತನ, ಕೀರ್ತಿ ಎಲ್ಲವೂ ಹೆಸರಿಗೆ ಅಂಟಿಕೊಂಡೇ ಬರುವಂಥವು. ಹೆಸರು ಎದ್ದು ಹೋದರೆ ಅವೂ ಅದರ ಹಿಂದೆಯೇ ಹೊರಡುತ್ತವೆ. ಆಮೇಲೆ ಉಳಿಯುವುದು ಅವನು ಮಾಡಿದ ಕೆಲಸ, ಮತ್ತು ಆ ಕೆಲಸವನ್ನು ಅವನು ಮಾಡಿದ ರೀತಿ. ಇಷ್ಟನ್ನೇ ಇಟ್ಟುಕೊಂಡು ಒಬ್ಬನನ್ನು ಗುರುತಿಸಬಲ್ಲೆವೇ? ಒಗಟು ಎಂಬ ನಮ್ಮ ಹಳೆಯ ವಿದ್ಯೆ ಕೇಳುತ್ತಾ ಬಂದಿರುವ ಪ್ರಶ್ನೆ ಇದು. ಆಟಗಾರರ ಮೇಲೆ, ತಂಡಗಳ ಮೇಲೆ ಮಕ್ಕಳು ಕಟ್ಟುವ ಒಗಟುಗಳಲ್ಲಿ ಈ ಪ್ರಶ್ನೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆಯೋ ಅಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. ಏಕೆಂದರೆ ಆಟಗಾರನ ಬದುಕು ಹತ್ತಾರು ಸಾವಿರ ಕಣ್ಣುಗಳ ಎದುರು ನಡೆಯುವಂಥದು. ಹಾಗಿದ್ದೂ ಅವನ ಹೆಸರೊಂದನ್ನು ಮರೆಮಾಡಿದರೆ ಸಾಕು, ನಾವು ಅವನನ್ನು ನಿಜವಾಗಿ ನೋಡಿದ್ದೆವೋ ಇಲ್ಲವೋ ಎಂಬುದು ಬಯಲಾಗಿಬಿಡುತ್ತದೆ.

ಹೆಸರನ್ನು ಮರೆಸಿ ಮಾತಾಡುವುದು ನಮಗೆ ಹೊಸದಲ್ಲ. ಗಂಡನ ಹೆಸರನ್ನು ನೇರವಾಗಿ ಬಾಯಿಂದ ಆಡದ ಕಾಲದಲ್ಲಿ ಮದುವೆಮನೆಯ ಹೆಂಗಸರು ಆ ಹೆಸರನ್ನು ಒಡಪಿನ ಒಳಗೆ ಸೇರಿಸಿ ಹೇಳಿದರು. ನಮ್ಮ ಸಾಗರ, ಹೊಸನಗರ ಸೀಮೆಯ ನೆರೆಯ ಬಳ್ಳಿಗಾವೆಯ ಅಲ್ಲಮಪ್ರಭು ಬೆಡಗಿನ ವಚನಗಳಲ್ಲಿ ಹೇಳಬೇಕಾದ್ದನ್ನು ಹೇಳದೆಯೇ ಕಾಣಿಸಿದ. ಇನ್ನು ವಿರಾಟಪರ್ವವಂತೂ ಇಡಿಯಾಗಿ ಒಂದು ದೊಡ್ಡ ಒಗಟು. ಐವರು ವೀರರು ಮತ್ತು ಒಬ್ಬ ರಾಣಿ ಹೆಸರು ಬಿಟ್ಟು ಒಂದು ವರ್ಷ ಬದುಕಬೇಕು. ಅಡುಗೆಯವನಲ್ಲಿ ಭೀಮನನ್ನೂ ನಾಟ್ಯ ಕಲಿಸುವ ಬೃಹನ್ನಳೆಯಲ್ಲಿ ಅರ್ಜುನನನ್ನೂ ಯಾರಾದರೂ ಕಂಡರೆ ಅವರು ಸೋತಂತೆ. ಕೊನೆಗೆ ಯುದ್ಧಭೂಮಿಯಲ್ಲಿ ದ್ರೋಣರಿಗೆ ಶಿಷ್ಯನ ಗುರುತು ಹತ್ತಿದ್ದು ಹೇಗೆ? ಕಾಲ ಬಳಿ ಬಂದು ನಮಸ್ಕರಿಸಿದಂತೆ ನಾಟಿದ ಬಾಣಗಳಿಂದ. ವೇಷ ಏನೇ ಇರಲಿ, ಬಾಣ ಬಿಟ್ಟ ಕೈ ಯಾವುದೆಂದು ಕಲಿಸಿದವರಿಗೆ ಗೊತ್ತು. ಆಟಗಾರನನ್ನು ಅವನ ಆಟದಿಂದಲೇ ತಿಳಿಯುವುದಕ್ಕೆ ಇದಕ್ಕಿಂತ ಹಿರಿದಾದ ನಿದರ್ಶನ ಬೇಕೆ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ಒಗಟಿಗೆ ಅದರದೇ ಆದ ಹೊತ್ತುಗಳಿವೆ. ಆಗುಂಬೆಯಲ್ಲೋ ಹುಲಿಕಲ್ಲಿನಲ್ಲೋ ಮಳೆ ಹಿಡಿದು ಕೂತರೆ ವಾರಗಟ್ಟಲೆ ಅಂಗಳಕ್ಕೆ ಕಾಲಿಡಲಾಗದ ಆಷಾಢ ಒಂದು. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾದ ಮೇಲಿನ ಅಡಿಕೆ ಸುಲಿತದ ರಾತ್ರಿಗಳು ಇನ್ನೊಂದು. ಮೆಟ್ಟುಗತ್ತಿಗಳ ಸಾಲು, ನಡುವೆ ಹಸಿ ಅಡಿಕೆಯ ರಾಶಿ, ಕೈಗೆ ಬಿಡುವಿಲ್ಲದ ಕೆಲಸ, ಬಾಯಿಗೆ ಪೂರ್ತಿ ಬಿಡುವು. ಕತೆ, ಹಾಡು, ಊರ ಸುದ್ದಿ ಎಲ್ಲ ಮುಗಿದ ಮೇಲೆ ನಿದ್ದೆ ಓಡಿಸಲು ಒಗಟು ಬರುತ್ತಿತ್ತು. ನಮ್ಮ ದೇಶದಲ್ಲಿ ಟೆಸ್ಟ್ ಪಂದ್ಯಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. ಹಗಲು ಜಗಲಿಯಲ್ಲಿ ರೇಡಿಯೋ, ರಾತ್ರಿ ಸುಲಿತದ ಚಪ್ಪರದಲ್ಲಿ ಒಗಟು. ಹಲಸಿನ ಹಣ್ಣಿನ ಮೇಲೂ ಒನಕೆಯ ಮೇಲೂ ಕಟ್ಟುತ್ತಿದ್ದ ಒಗಟು ಬ್ಯಾಟು ಹಿಡಿದವರ ಕಡೆ ಹೊರಳಿದ್ದು ಸಹಜವೇ ಆಗಿತ್ತು.

ರೇಡಿಯೋದ ಆ ಕಾಲವನ್ನು ಇನ್ನೊಮ್ಮೆ ಯೋಚಿಸಿ ನೋಡೋಣ. ವೀಕ್ಷಕ ವಿವರಣೆ ಬರುತ್ತಿದ್ದುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ. ಎರಡೂ ನಮ್ಮ ಅಡುಗೆಮನೆಯ ಭಾಷೆಗಳಲ್ಲ. ಕೇಳುವವರಲ್ಲಿ ಅನೇಕರು ಆಟಗಾರನ ಮುಖವನ್ನು ಪತ್ರಿಕೆಯ ಮಸುಕು ಚಿತ್ರದಲ್ಲಿ ಬಿಟ್ಟರೆ ನೋಡಿದವರಲ್ಲ. ಒಂದು ಹೆಸರು, ಒಂದಿಷ್ಟು ಅಂಕಿ, ಜನರ ಹೋ ಎನ್ನುವ ಸದ್ದು, ಇಷ್ಟರಿಂದಲೇ ಒಬ್ಬ ಪೂರ್ತಿ ಮನುಷ್ಯನನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕಿತ್ತು. ಅಂದರೆ ಆಗ ಆಟಗಾರ ನಮ್ಮ ಮನೆಗೆ ಬರುತ್ತಿದ್ದುದೇ ಒಗಟಿನ ರೂಪದಲ್ಲಿ. ನಾವು ಅವನನ್ನು ಬಿಡಿಸಿಕೊಂಡು ಬೆಳೆದೆವು.

ಇಂಥ ಒಂದು ಒಗಟು ಇರಲಿ: ಕಬ್ಬಿಣ ಕಾಯಿಸುವ ಊರಲ್ಲಿ ಹುಟ್ಟಿದವ, ಮಣಿಕಟ್ಟು ಮಾತ್ರ ಬಳ್ಳಿಯಂತೆ ಬಾಗುವಂಥದು, ಮೊದಲ ಹೆಜ್ಜೆಗೆ ಸೊನ್ನೆ, ಎರಡನೆಯ ಹೆಜ್ಜೆಗೆ ನೂರಮೂವತ್ತೇಳು. ಯಾರವನು? ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಇದು ಕಷ್ಟದ್ದಲ್ಲ. ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ಎದುರು ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಆದರೆ ಈ ಒಗಟನ್ನು ಬಿಡಿಸುವವರೆಲ್ಲ ಒಂದೇ ಬಾಗಿಲಿನಿಂದ ಒಳಗೆ ಬರುವುದಿಲ್ಲ ಎಂಬುದನ್ನು ಗಮನಿಸಿ. ಭೂಗೋಳ ಬಲ್ಲವ ಕಬ್ಬಿಣದ ಊರನ್ನು ಹಿಡಿದು ಬರುತ್ತಾನೆ. ಅಂಕಿಗಳ ಪ್ರೇಮಿ ನೂರಮೂವತ್ತೇಳನ್ನು ಹಿಡಿದು ಬರುತ್ತಾನೆ. ಅವರ ಸ್ಕ್ವೇರ್ ಕಟ್ ಅನ್ನು ಒಮ್ಮೆ ಕಣ್ಣಾರೆ ಕಂಡವರು ಮಾತ್ರ ಮಣಿಕಟ್ಟಿನ ಮಾತು ಬಂದ ಕೂಡಲೇ ಉಳಿದದ್ದನ್ನು ಕೇಳಿಸಿಕೊಳ್ಳುವುದೇ ಇಲ್ಲ. ಉತ್ತರ ಒಂದೇ ಆದರೂ ಅದು ಮೂವರ ಮನಸ್ಸಿನಲ್ಲಿ ಮೂರು ಬೇರೆ ಬೇರೆ ತೂಕದಲ್ಲಿ ಕೂರುತ್ತದೆ. ಒಬ್ಬರನ್ನು ನಾವು ಯಾವುದರಿಂದ ಗುರುತಿಸಿದೆವು ಎಂಬುದು ಅವರ ಬಗ್ಗೆ ಹೇಳುವಷ್ಟನ್ನೇ ನಮ್ಮ ಬಗ್ಗೆಯೂ ಹೇಳುತ್ತದಲ್ಲವೇ?

ಅದೇ ಮನುಷ್ಯನ ಮೇಲೆ ಇನ್ನೊಂದು ಒಗಟು ಕಟ್ಟಬಹುದು. ಇದು ಆಳವಾದದ್ದು. ನಾಯಕನಾಗಿ ಒಂದು ಟೆಸ್ಟನ್ನೂ ಗೆಲ್ಲದವ, ಕೈಗೆ ಬಂದದ್ದನ್ನು ಕರೆದು ಹಿಂದಕ್ಕೆ ಕೊಟ್ಟವ. ಆದರೂ ನಾಯಕತ್ವದ ಮಾತು ಬಂದಾಗ ಮರೆಯಲಾಗದವ. 1980ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಡೆದ ಸುವರ್ಣ ಮಹೋತ್ಸವದ ಟೆಸ್ಟ್ ಅದು. ಇಂಗ್ಲೆಂಡಿನ ಐದು ವಿಕೆಟ್ಟುಗಳು ಉರುಳಿದ್ದ ಹೊತ್ತಿನಲ್ಲಿ ಬಾಬ್ ಟೇಲರ್ ಔಟೆಂದು ಅಂಪೈರ್ ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ನಾಯಕ ವಿಶ್ವನಾಥ್ ಅವರಿಗೆ ಅನ್ನಿಸಿತು. ಅವರು ಟೇಲರ್ ಅವರನ್ನು ವಾಪಸು ಕರೆದರು. ಟೇಲರ್ ಮತ್ತು ಬೋಥಮ್ ಸೇರಿ 171 ರನ್ ಕೂಡಿಸಿದರು, ಭಾರತ 10 ವಿಕೆಟ್ಟುಗಳಿಂದ ಸೋತಿತು. ಈಗ ಒಗಟಿನ ಗಂಟು ಎಲ್ಲಿದೆ? ಗೆದ್ದ ನಾಯಕರ ಪಟ್ಟಿಯಲ್ಲಿ ಇಲ್ಲದ ಹೆಸರು ಎಲ್ಲರ ನಾಲಿಗೆಯಲ್ಲಿ ಇರುವುದು ಹೇಗೆ ಎಂಬಲ್ಲಿದೆ. ಇದನ್ನು ಬಿಡಿಸಲು ಕ್ರಿಕೆಟ್ ಗೊತ್ತಿದ್ದರೆ ಸಾಲದು. ಸೋಲಿನಲ್ಲಿಯೂ ಉಳಿಯುವಂಥದ್ದು ಒಂದಿದೆ ಎಂದು ಮನಸ್ಸು ಒಪ್ಪಬೇಕು. ಒಪ್ಪದವನಿಗೆ ಹೆಸರು ಹೇಳಿದರೂ ಒಗಟು ಬಿಡಿಸಿದಂತಾಗದು. ಎಷ್ಟೋ ವರ್ಷಗಳಿಂದ ನಾನು ಮಕ್ಕಳಿಗೆ ಈ ಒಗಟನ್ನು ಹೇಳುತ್ತ ಬಂದಿದ್ದೇನೆ, ಉತ್ತರ ಸಿಕ್ಕ ಮೇಲೆ ಅವರು "ಹಾಗಾದರೆ ಕರೆದದ್ದು ಸರಿಯಾ?" ಎಂದು ಕೇಳಿದಾಗ ನನಗೆ ಸಂತೋಷವಾಗುತ್ತದೆ. ಒಗಟು ಅಲ್ಲಿಂದಲೇ ಶುರು.

ಒಳ್ಳೆಯ ಒಗಟಿಗೂ ಬರಿಯ ಸುಳಿವಿಗೂ ಇರುವ ಅಂತರ ಇಲ್ಲಿ ಗೊತ್ತಾಗುತ್ತದೆ. ಗೋಡೆ ಯಾರು ಎಂದು ಕೇಳಿದರೆ ಎಳೆಯ ಮಗುವೂ ರಾಹುಲ್ ದ್ರಾವಿಡ್ ಎನ್ನುತ್ತದೆ. ಅದು ಒಗಟಲ್ಲ, ಅಡ್ಡಹೆಸರು. ಅಡ್ಡಹೆಸರು ಯೋಚನೆಗೆ ಜಾಗ ಕೊಡುವುದಿಲ್ಲ. ಅದರ ಬದಲು, ಮೂವತ್ತೊಂದು ಸಾವಿರಕ್ಕೂ ಹೆಚ್ಚು ಸಲ ಒಂದೇ ಪ್ರಶ್ನೆಗೆ ಎದುರು ನಿಂತವ, ಹೆಚ್ಚಿನ ಸಲ ಬೇಡವೆಂದೇ ಹೇಳಿದವ, ಆ ಬೇಡಗಳಿಂದಲೇ ಬೆಟ್ಟ ಕಟ್ಟಿದವ ಯಾರು ಎಂದು ಕೇಳಿ ನೋಡಿ. ಟೆಸ್ಟುಗಳಲ್ಲಿ ದ್ರಾವಿಡ್ ಎದುರಿಸಿದ ಎಸೆತಗಳು 31,258. ಬಿಟ್ಟ ಚೆಂಡು, ತಡೆದ ಚೆಂಡು, ಯಾವ ಅಂಕಿಗೂ ಸೇರದ ಚೆಂಡುಗಳು ಅದರಲ್ಲಿ ಎಷ್ಟೋ. ಹೊಡೆಯದೆ ಬಿಟ್ಟದ್ದೂ ಸಾಧನೆಯೇ ಎಂಬ ಮಾತು ಗೋಡೆ ಎಂಬ ಶಬ್ದದಲ್ಲಿ ಕೇಳುವುದಿಲ್ಲ. ಗೋಡೆಗೆ ಬಿಡುವ, ಆರಿಸುವ ಸ್ವಾತಂತ್ರ್ಯವಿಲ್ಲ, ಮನುಷ್ಯನಿಗಿದೆ.

ಒಂದು ಒಗಟಿಗೆ ಒಂದೇ ಉತ್ತರ ಎಂದು ನಾವು ನಂಬಿಕೊಂಡಿದ್ದೇವೆ. ಈ ಒಗಟು ಕೇಳಿ: ಬಡಕಲಾದ ಕೈಯೇ ಬೇಟೆಯ ಕೈ, ಗಟ್ಟಿಯಾದ ಕೈ ಬರೀ ಚೆಂಡು ಹಿಂದಿರುಗಿಸುವ ಕೈ; ಉರುಳಿಸಿದ್ದು ಇನ್ನೂರ ನಲವತ್ತೆರಡು, ಗಳಿಸಿದ್ದು ನೂರ ಅರವತ್ತೇಳು. ಇದು ನಿಸ್ಸಂದೇಹವಾಗಿ ಬಿ.ಎಸ್. ಚಂದ್ರಶೇಖರ್. ಬಾಲ್ಯದಲ್ಲಿ ಪೋಲಿಯೋ ಬಂದು ಸೊರಗಿದ ಬಲಗೈಯಿಂದ ಅವರು ಚೆಂಡು ಹಾಕಿದರು, ಫೀಲ್ಡಿನಲ್ಲಿ ಎಡಗೈಯಿಂದ ಎಸೆದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಜಯ ತಂದುಕೊಟ್ಟದ್ದು ಆ ಬಲಗೈ. ಅಂಕಿಗಳನ್ನು ತೆಗೆದು ಒಗಟನ್ನು ಸ್ವಲ್ಪ ಸಡಿಲಿಸಿ: ಕೊರತೆಯ ಕಡೆಯಿಂದಲೇ ಎದುರಾಳಿಯನ್ನು ಗೆದ್ದವ ಯಾರು? ಈಗ ಸಮುದ್ರದಾಚೆಯಿಂದ ಇನ್ನೊಬ್ಬರು ಎದ್ದು ಬರುತ್ತಾರೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಜಿಮ್ ಅಬಟ್ ಹುಟ್ಟುವಾಗಲೇ ಬಲ ಹಸ್ತವಿಲ್ಲದವರು. ಎಡಗೈಯಿಂದ ಚೆಂಡೆಸೆದು, ಮರುಕ್ಷಣ ಕೈಗವಸನ್ನು ಅದೇ ಕೈಗೆ ಏರಿಸಿಕೊಂಡು ಹಿಡಿಯಲು ಸಿದ್ಧರಾಗುತ್ತಿದ್ದರು. 1993ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕ್ ಯಾಂಕೀಸ್ ಪರವಾಗಿ ಅವರು ಎಸೆದ ಒಂದು ಇಡೀ ಪಂದ್ಯದಲ್ಲಿ ಎದುರಾಳಿಗಳಿಗೆ ಒಂದೇ ಒಂದು ಹಿಟ್ ಕೂಡ ದಕ್ಕಲಿಲ್ಲ. ಬೇಸ್‌ಬಾಲ್ ಬಲ್ಲವರು ಇಂಥದ್ದನ್ನು ಬಲು ಅಪರೂಪವೆಂದು ಎಣಿಸುತ್ತಾರೆ. ಇಬ್ಬರೂ ಬೇರೆ ಬೇರೆ ದೇಶದವರು, ಬೇರೆ ಬೇರೆ ಆಟದವರು. ಒಂದು ಒಗಟು ಅವರನ್ನು ಒಂದೇ ಜಗಲಿಯಲ್ಲಿ ಕೂರಿಸುತ್ತದೆ. ಹೆಸರು ಮನುಷ್ಯರನ್ನು ಬೇರ್ಪಡಿಸಿದರೆ ಒಗಟು ಕೂಡಿಸುತ್ತದೆ ಎನ್ನಲು ಇನ್ನೇನು ಬೇಕು?

ಹೆಸರಿನೊಳಗೇ ಊರು ಅಡಗಿರುವ ಒಗಟೂ ಇದೆ. ಎರಡು ಊರು ಎರಡು ಕಡೆಯಿಂದ ಚೆಂಡು ಹಾಕಿದವು; ಒಂದೂರು ಹತ್ತನ್ನೂ ಉಂಡಿತು, ಇನ್ನೊಂದೂರು ಬೇಕೆಂದೇ ಹಸಿದು ಕೂತಿತು. ಉಂಡ ಊರು ಕಾಸರಗೋಡಿನ ಕುಂಬಳೆ, ಹಸಿದು ಕೂತ ಊರು ಹಾಸನ ಜಿಲ್ಲೆಯ ಜಾವಗಲ್ಲು. 1999ರ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾ ಮೈದಾನದಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಅನಿಲ್ ಕುಂಬ್ಳೆ 74 ರನ್ನಿಗೆ ಪಡೆದರು. ಒಂಬತ್ತು ಬಿದ್ದ ಮೇಲೆ ಇನ್ನೊಂದು ಕಡೆಯಿಂದ ಓವರ್ ಹಾಕಬೇಕಾಗಿ ಬಂದ ಜಾವಗಲ್ ಶ್ರೀನಾಥ್ ಚೆಂಡನ್ನು ವಿಕೆಟ್ಟಿನಿಂದ ದೂರ ದೂರವೇ ಎಸೆದರು, ಹತ್ತನೆಯದು ಗೆಳೆಯನಿಗೇ ಸಿಗಲಿ ಎಂದು. ದಾಖಲೆಯ ಪುಸ್ತಕದಲ್ಲಿ ಕುಂಬ್ಳೆಯವರ ಹತ್ತು ವಿಕೆಟ್ ಇವೆ. ಶ್ರೀನಾಥ್ ಬಿಟ್ಟುಕೊಟ್ಟದ್ದಕ್ಕೆ ಅಲ್ಲಿ ಕಾಲಮ್ಮಿಲ್ಲ. ಒಗಟು ಆ ಕಾಲಮ್ಮನ್ನು ತೆರೆಯುತ್ತದೆ. ಉಂಡವನಷ್ಟೇ ಹಸಿದವನನ್ನೂ ಅದು ಹೆಸರಿಸಲೇಬೇಕು, ಇಲ್ಲವಾದರೆ ಒಗಟು ಪೂರ್ತಿಯಾಗುವುದಿಲ್ಲ. ಬದುಕಿನಲ್ಲಿ ನಮ್ಮ ಎಷ್ಟು ಗೆಲುವುಗಳ ಇನ್ನೊಂದು ತುದಿಯಲ್ಲಿ ಹೀಗೆ ಬೇಕೆಂದೇ ದೂರ ಎಸೆದವರು ನಿಂತಿದ್ದರೋ! ನಾವು ಅವರ ಊರಿನ ಹೆಸರನ್ನಾದರೂ ನೆನಪಿಟ್ಟುಕೊಂಡಿದ್ದೇವೆಯೇ?

ಆಟಗಾರನ ಒಗಟಿಗಿಂತ ತಂಡದ ಒಗಟು ಕಠಿಣ. ಒಬ್ಬ ಮನುಷ್ಯನಿಗೆ ಒಂದು ದೇಹವಾದರೂ ಇದೆ, ತಂಡಕ್ಕೆ ಏನಿದೆ? ಹಳೆಯ ಹೆಸರಲ್ಲಿ ಮೊದಲ ದಿನವೇ ಸೋತು, ಹತ್ತಿರ ಹತ್ತಿರ ನಲವತ್ತು ಮಳೆಗಾಲ ಕಾದು, ಹೊಸ ಹೆಸರಿಟ್ಟ ವರ್ಷವೇ ಪಟ್ಟ ಏರಿದ್ದು ಯಾವುದು? 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ಆಡಿದ ಮೈಸೂರು ತಂಡ 48 ಮತ್ತು 59 ರನ್ನುಗಳಿಗೆ ಉರುಳಿ ಅದೇ ದಿನ ಸೋತು ಹೋಯಿತು. ಆಮೇಲೆ 1941–42ರಲ್ಲೊಮ್ಮೆ, 1959–60ರಲ್ಲೊಮ್ಮೆ ಫೈನಲ್ ತಲುಪಿ ಎರಡು ಸಲವೂ ಬೊಂಬಾಯಿಗೆ ಸೋತಿತು. 1973ರ ನವೆಂಬರ್ 1ರಂದು ರಾಜ್ಯ ಕರ್ನಾಟಕವಾಯಿತು. ಆ ಋತುವಿನಲ್ಲೇ ಎರಾಪಳ್ಳಿ ಪ್ರಸನ್ನ ಅವರ ನಾಯಕತ್ವದಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಬೊಂಬಾಯಿಯ ಹದಿನೈದು ವರ್ಷಗಳ ಸರಪಳಿ ತುಂಡಾಯಿತು. ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು.

ಹೆಸರು ಬದಲಾದದ್ದರಿಂದ ಗೆಲುವು ಬಂತು ಎಂದು ಉತ್ತರಿಸುವವರು ಒಗಟಿನ ಬಲೆಯಲ್ಲಿ ಸಿಕ್ಕಿಬಿದ್ದರು. ಗೆದ್ದವರು ಹಳೆಯ ಹೆಸರಿನಲ್ಲೇ ಆಡಿ ಪಳಗಿದ ಕೈಗಳು. ವಿಶ್ವನಾಥ್ 1967ರಲ್ಲಿ ಪ್ರಥಮ ದರ್ಜೆಯ ಮೊದಲ ಪಂದ್ಯದಲ್ಲೇ 230 ರನ್ ಹೊಡೆದದ್ದು ಮೈಸೂರಿಗಾಗಿಯೇ. ಹಾಗಿದ್ದರೆ 1934ರಲ್ಲಿ 48ಕ್ಕೆ ಉರುಳಿದ ತಂಡವೂ ಜೈಪುರದಲ್ಲಿ ಗೆದ್ದ ತಂಡವೂ ಒಂದೆಯೇ? ಹನ್ನೊಂದರಲ್ಲಿ ಒಬ್ಬನೂ ಅವನೇ ಅಲ್ಲ, ರಾಜ್ಯದ ಹೆಸರೂ ಅದಲ್ಲ, ಗಡಿಗಳೂ ಅವಲ್ಲ. ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ ವರ್ಷವೂ ಒಡೆದ ಹೆಂಚು ಬದಲಾಗುತ್ತದೆ, ಗೆದ್ದಲು ಹಿಡಿದ ತೊಲೆ ಬದಲಾಗುತ್ತದೆ, ಒಂದೊಂದೇ ತಲೆಮಾರು ದಾಟುತ್ತದೆ, ಆದರೂ ಅದು ಅಜ್ಜನ ಮನೆಯೇ. ಏಕೆಂದರೆ ಬದಲಿಸಿದವರೆಲ್ಲ ಅದನ್ನು ತಮ್ಮದೆಂದುಕೊಂಡು ಬದಲಿಸಿದರು. ತಂಡವೂ ಹಾಗೆ. ಮೊದಲು ಸೋತವರ ಸೋಲನ್ನು ನಮ್ಮದೆಂದು ಒಪ್ಪಿಕೊಳ್ಳುವವರಿಗೆ ಮಾತ್ರ ಆಮೇಲೆ ಗೆದ್ದವರ ಗೆಲುವು ದಕ್ಕುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಮೊಮ್ಮಕ್ಕಳಿಗೆ ಕ್ರಿಕೆಟ್ಟಿಗಿಂತ ಬೇಸ್‌ಬಾಲ್ ಹತ್ತಿರ. ರಜೆಗೆಂದು ತೀರ್ಥಹಳ್ಳಿಗೋ ಹೊಸನಗರಕ್ಕೋ ಬಂದಾಗ ಅವರೂ ಒಗಟು ತರುತ್ತಾರೆ. ಅವುಗಳಲ್ಲಿ ಒಂದು ಹೀಗೆ ಕಟ್ಟಬಹುದಾದದ್ದು: ವರ್ಷವಿಡೀ ಯಾರೂ ತೊಡದ ಅಂಗಿ, ವರ್ಷಕ್ಕೊಂದು ದಿನ ಎಲ್ಲರ ಮೈಮೇಲೆ. ಯಾವುದದು? ನಲವತ್ತೆರಡು ಎಂಬ ಸಂಖ್ಯೆಯ ಅಂಗಿ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ ಆ ಅಂಗಿ ತೊಟ್ಟು ಜಾಕಿ ರಾಬಿನ್ಸನ್ ಮೈದಾನಕ್ಕಿಳಿದಾಗ, ಕರಿಯರನ್ನು ಹೊರಗಿಟ್ಟಿದ್ದ ದೊಡ್ಡ ಲೀಗಿನ ಅಲಿಖಿತ ಕಟ್ಟಳೆ ಮುರಿಯಿತು. 1997ರಲ್ಲಿ ಆ ಸಂಖ್ಯೆಯನ್ನು ಎಲ್ಲ ತಂಡಗಳಲ್ಲೂ ನಿವೃತ್ತಿಗೊಳಿಸಿದರು. ಏಪ್ರಿಲ್ 15 ಬಂದಾಗ ಎಲ್ಲ ತಂಡಗಳ ಎಲ್ಲ ಆಟಗಾರರೂ 42ನ್ನೇ ತೊಡುತ್ತಾರೆ. ಆ ದಿನ ಬೆನ್ನಿನ ಸಂಖ್ಯೆ ನೋಡಿ ಯಾರನ್ನೂ ಗುರುತಿಸಲಾಗದು. ಇಡೀ ಮೈದಾನವೇ ಒಬ್ಬನ ಒಗಟಾಗಿ ನಿಲ್ಲುತ್ತದೆ.

ಇದನ್ನು ಕೇಳಿ ಮೆಚ್ಚಿ ಸುಮ್ಮನಾಗುವುದು ಸುಲಭ. ಅದು ಅವರ ದೇಶದ ನೋವು, ಅವರ ಪ್ರಾಯಶ್ಚಿತ್ತ. ಆದರೆ ಒಗಟಿಗೆ ಗಡಿ ಇಲ್ಲ; ಅದು ತಿರುಗಿ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಬಹುದು, ಅವನು ಕುಡಿದ ಬಟ್ಟಲನ್ನು ಯಾರೂ ಮುಟ್ಟರು. ಗೆಲ್ಲಿಸುವ ಹೊತ್ತಿಗೆ ಒಳಗೆ, ಚಹಾದ ಹೊತ್ತಿಗೆ ಹೊರಗೆ. ಯಾರವನು? 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಲ್ವಂಕರ್ ಬಾಳೂ. ಚಮ್ಮಾರ ಕುಲದವರು. ಪುಣೆಯ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳುವ ಕೆಲಸಕ್ಕಿದ್ದು, ಇಂಗ್ಲಿಷರಿಗೆ ನೆಟ್ಸಿನಲ್ಲಿ ಚೆಂಡು ಹಾಕುತ್ತ ಹಾಕುತ್ತ ದೇಶದ ಮೊದಲ ಶ್ರೇಷ್ಠ ಸ್ಪಿನ್ನರ್ ಆದವರು. ಹಿಂದೂಗಳ ತಂಡಕ್ಕೆ ಅವರ ಎಡಗೈ ಬೇಕಾಯಿತು. ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಲೋಟದಲ್ಲಿ. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಮಾಡಿದ ತಂಡದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಬರಲಿಲ್ಲ. 1923ರಲ್ಲಿ ಅದು ಅವರ ತಮ್ಮ ವಿಠಲ ಅವರಿಗೆ ಬಂತು.

ಈ ಒಗಟಿನ ಮುಂದೆ ನಾವು ತುಸು ಹೊತ್ತು ಕೂರಬೇಕು. ಉತ್ತರವಾಗಿ ಬಾಳೂ ಎಂಬ ಹೆಸರು ಹೇಳಿದ ಮೇಲೂ ಏನೋ ಉಳಿದುಬಿಡುತ್ತದೆ. ಚೆಂಡಿಗಿಲ್ಲದ ಮೈಲಿಗೆ ಲೋಟಕ್ಕೆ ಎಲ್ಲಿಂದ ಬಂತು? ಆ ಲೋಟ ಕೊಟ್ಟ ಕೈ ಯಾರದು? ಬಾಳೂ ಅವರ ಹೆಸರು ತೆಗೆದು ಬರೀ ಅವರ ಚೆಂಡನ್ನು ಎದುರಿಗಿಟ್ಟಿದ್ದರೆ, ಯಾವ ಪಂಡಿತನಾದರೂ ಅದರಿಂದ ಎಸೆದವನ ಜಾತಿಯನ್ನು ಹೇಳಬಲ್ಲವನಾಗಿದ್ದನೇ? ಗಾಳಿಯಲ್ಲಿ ಇಳಿಯುವ ಚೆಂಡಿಗೆ ಆ ವಿಷಯ ಗೊತ್ತೇ ಇಲ್ಲ. ಒಗಟಿನ ನಿಜವಾದ ಘನತೆ ಇರುವುದು ಇಲ್ಲಿ. ಹೆಸರು ಮರೆಮಾಡಿ, ಕೆಲಸ ಮಾತ್ರ ತೋರಿಸಿ, ಇವನಾರೆಂದು ಕೇಳುವಾಗ ಅದು ನಮ್ಮಿಂದ ಅಳತೆಗೋಲನ್ನೇ ಕಸಿದುಕೊಳ್ಳುತ್ತದೆ. ಇವನಾರವ ಎಂಬ ಪ್ರಶ್ನೆಯನ್ನು ನಮ್ಮ ಸಮಾಜ ಶತಮಾನಗಳಿಂದ ಕೇಳುತ್ತಲೇ ಬಂದಿದೆ, ಒಳಗೆ ಬಿಡಬೇಕೋ ಬೇಡವೋ ಎಂದು ತೀರ್ಮಾನಿಸುವುದಕ್ಕೆ. ಒಗಟು ಅದೇ ಪ್ರಶ್ನೆಯನ್ನು ಆದರದಿಂದ ಕೇಳುತ್ತದೆ. ಕೇಳುವ ದನಿ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆಂದು ನಮಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಈಗ ಎಲ್ಲ ಪ್ರಶ್ನೆಗೂ ಉತ್ತರ ಅಂಗೈಯಲ್ಲಿದೆ. ಯಾರು ಎಷ್ಟು ಹೊಡೆದರು, ಎಂದು ಹೊಡೆದರು, ಎಲ್ಲಿ ಹೊಡೆದರು, ಫೋನು ಕೇಳಿದ ಕ್ಷಣಕ್ಕೆ ಹೇಳುತ್ತದೆ. ಇದನ್ನು ದೂರುವುದರಲ್ಲಿ ಅರ್ಥವಿಲ್ಲ; ಅಂಕಿ ಸರಿಯಾಗಿ ಸಿಗುವುದು ಒಳ್ಳೆಯದೇ. ಆದರೆ ರಸಪ್ರಶ್ನೆಗೆ ಬೇಕಾದದ್ದು ನೆನಪು, ಒಗಟಿಗೆ ಬೇಕಾದದ್ದು ನೋಟ. ಮೊದಲನೆಯದಕ್ಕೆ ಯಂತ್ರ ನಮಗಿಂತ ಚುರುಕು. ಎರಡನೆಯದರಲ್ಲಿ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಬಿಡುವು ಬೇಕು, ಆ ಬಿಡುವಿನಲ್ಲಿ ತಪ್ಪು ಹೆಸರುಗಳು ಬಂದು ಹೋಗಬೇಕು. ಬಡಕಲು ಕೈಯ ಒಗಟಿಗೆ ಒಬ್ಬರು ಪ್ರಸನ್ನ ಎಂದಾರು, ಇನ್ನೊಬ್ಬರು ಬಿಷನ್ ಸಿಂಗ್ ಬೇಡಿ ಎಂದಾರು. ಅಲ್ಲ ಅಲ್ಲ ಎಂದು ತಳ್ಳುತ್ತಾ ಹೋಗುವಾಗಲೇ ಪ್ರಸನ್ನ ಹೇಗಿದ್ದರು, ಬೇಡಿ ಹೇಗಿದ್ದರು, ಚಂದ್ರಶೇಖರ್ ಅವರಿಂದ ಹೇಗೆ ಬೇರೆ ಎಂಬುದೆಲ್ಲ ಹರಳುಗಟ್ಟುತ್ತದೆ. ಅಡಿಕೆ ಸುಲಿಯುವ ರಾತ್ರಿಯಲ್ಲಿ ಕೇಳಿದ ಒಂದು ಒಗಟನ್ನು ಮರುದಿನ ಗದ್ದೆಬದುವಿನಲ್ಲಿ ನಡೆಯುತ್ತಾ, ಮೂರನೆಯ ದಿನ ಶಾಲೆಯ ದಾರಿಯಲ್ಲಿ ಹೊತ್ತು ತಿರುಗಿದ ಮಗುವಿಗೆ ಉತ್ತರ ಸಿಕ್ಕಾಗ, ಆ ಆಟಗಾರ ಅದರ ಮನೆಯವನೇ ಆಗಿರುತ್ತಾನೆ. ಇಷ್ಟು ದಿನ ಜೊತೆಗಿದ್ದವನನ್ನು ಮರೆಯುವುದುಂಟೇ?

ಒಗಟು ಹೇಳುವವರಿಗೂ ಒಂದು ಧರ್ಮವಿದೆ. ಸೋಲಿಸಲೆಂದೇ ಕಟ್ಟಿದ ಒಗಟು ಕೀಳು. ಬಿಡಿಸಲು ಸಾಧ್ಯವಾಗುವಷ್ಟು ಬೆಳಕನ್ನು ಒಳಗೆ ಇಟ್ಟೇ ಬಾಗಿಲು ಹಾಕಬೇಕು. ಎದುರಿನವನು ಸಿದ್ಧನಾಗುವವರೆಗೆ ಕಾಯಬೇಕು. ಈ ಮಾತು ಬಂದಾಗ ನನಗೆ ಅಂಧರ ಕ್ರಿಕೆಟ್ ನೆನಪಾಗುತ್ತದೆ. ಅಲ್ಲಿ ಚೆಂಡಿನೊಳಗೆ ಲೋಹದ ಗುಂಡುಗಳಿವೆ, ಉರುಳಿದರೆ ಸದ್ದಾಗುತ್ತದೆ. ಬೌಲರ್ ಮೊದಲು "ರೆಡಿ?" ಎಂದು ಕೇಳಬೇಕು. ಬ್ಯಾಟ್ಸ್‌ಮನ್ "ಎಸ್" ಎನ್ನಬೇಕು. ಆಮೇಲೆ "ಪ್ಲೇ" ಎಂದು ಕೂಗಿ ಚೆಂಡನ್ನು ನೆಲಕ್ಕೆ ತಾಗಿದಂತೆ ಕೆಳಗೈಯಿಂದ ಬಿಡಬೇಕು. ಎದುರಾಳಿಯನ್ನು ಔಟ್ ಮಾಡಲು ಹೊರಟವನೇ ಅವನ ಒಪ್ಪಿಗೆ ಕೇಳುತ್ತಾನೆ. ನೀನು ಕೇಳಿಸಿಕೊಳ್ಳಲು ಸಿದ್ಧನಾದ ಮೇಲೆಯೇ ನನ್ನ ಸವಾಲು ಎನ್ನುತ್ತಾನೆ. ಇದಕ್ಕಿಂತ ಸಭ್ಯವಾದ ಪೈಪೋಟಿ ಯಾವ ಆಟದಲ್ಲಿದೆ? ಕಿವಿಯಲ್ಲಿ ನೋಡಿ ಕೈಯಲ್ಲಿ ಹೊಡೆದು ಲೋಕವನ್ನೇ ಗೆದ್ದ ನಮ್ಮ ಜಿಲ್ಲೆಯ ನಾಯಕ ಯಾರು ಎಂದು ಸಾಗರದ ಶಾಲೆಯಲ್ಲೋ ಹೊಸನಗರದ ಶಾಲೆಯಲ್ಲೋ ಕೇಳಿ ನೋಡಿ, ಎಷ್ಟು ಕೈಗಳು ಏಳುತ್ತವೆ ಎಂದು. ಶಿವಮೊಗ್ಗದ ಶೇಖರ್ ನಾಯ್ಕ್ ಅವರ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಮೊದಲ ಟಿ-20 ವಿಶ್ವಕಪ್ ಗೆದ್ದಿತು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹುಟ್ಟಿನಿಂದಲೇ ದೃಷ್ಟಿದೋಷವಿದ್ದ ಒಬ್ಬ ಹುಡುಗ ಇಷ್ಟು ಎತ್ತರಕ್ಕೆ ಹೋದದ್ದು ನಮ್ಮ ಪಕ್ಕದಲ್ಲೇ. ಕಣ್ಣಿದ್ದ ನಮಗೆ ಅದು ಕಾಣಿಸಿತೇ ಎಂಬುದು ಕೇಳಿಕೊಳ್ಳಬೇಕಾದ ಮಾತು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಈ ಮಳೆಗಾಲದಲ್ಲಿ ಮನೆಯ ಮಕ್ಕಳಿಗೆ ಆಟಗಾರರ ಮೇಲೆ ಒಗಟು ಕಟ್ಟಿ ಹೇಳಿ. ಬರೀ ದೊಡ್ಡ ಮೈದಾನದವರ ಮೇಲೆ ಬೇಡ. ಕುಯ್ಲು ಮುಗಿದ ಗದ್ದೆಯಲ್ಲಿ ಟೆನಿಸ್ ಚೆಂಡಿನ ಪಂದ್ಯ ಗೆಲ್ಲಿಸಿದ ನಿಮ್ಮೂರ ಹುಡುಗನ ಮೇಲೆ, ಕಬಡ್ಡಿಯಲ್ಲಿ ಮೂವರನ್ನು ಎಳೆದುಕೊಂಡು ಗೆರೆ ಮುಟ್ಟಿದವನ ಮೇಲೆ, ಶಾಲೆಯ ಥ್ರೋಬಾಲ್ ತಂಡದ ಹುಡುಗಿಯರ ಮೇಲೆ ಕಟ್ಟಿ. ಅವರ ಹೆಸರು, ಮನೆ, ಕೇರಿ ಯಾವುದನ್ನೂ ಹೇಳದೆ ಅವರ ಆಟವನ್ನು ಮಾತ್ರ ಹೇಳಿ. ಮಕ್ಕಳು ತಪ್ಪು ಹೇಳಲಿ, ಮತ್ತೆ ಯೋಚಿಸಲಿ, ಉತ್ತರ ಕೊಡಿ ಎಂದು ಕಾಡಲಿ. ಅವರು ಫೋನು ಕೇಳಿದರೆ ಆ ರಾತ್ರಿಯ ಮಟ್ಟಿಗೆ ಕೊಡಬೇಡಿ. ಉತ್ತರವನ್ನು ಮರುದಿನ ಹೇಳಿ.